ಛಾಪಾಕಾಗದದಿಂದ ಮದುವೆ ಮುರಿಯುವುದಿಲ್ಲ

ಈ ಬಾರಿ ಶಾಲೆಯ ನೆನಪುಗಳನ್ನು ಬದಿಗಿಟ್ಟು ಜಗಳದ ಮಾತೊಂದನ್ನು ಬರೆಯುತ್ತಿದ್ದೇನೆ. ಓದಿ ಕೆಲವರಿಗೆ ಬೇಸರವಾಗಬಹುದು, ಆದರೂ ಬರೆಯಲೇಬೇಕಾಗಿದೆ.

1990ರ ದಶಕದ ಕೊನೆಯಲ್ಲಿ ನಾನು ಸೊರಬ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿದ್ದೆ. ಒಂದು ಭಾನುವಾರ ಊರಿನ ಹಿರಿಯರು ನನ್ನನ್ನು ಪಂಚಾಯಿತಿಗೆ ಕರೆಸಿದರು. ಹೆಣ್ಣು ನನ್ನ ವಿದ್ಯಾರ್ಥಿನಿ; ಗಂಡನ ಮನೆ ಶಿಕಾರಿಪುರದ ಕಡೆ. ಇಬ್ಬರಿಗೂ ಕೂಡಿ ಬಾಳುವ ಮನಸ್ಸಿರಲಿಲ್ಲ. ಇಪ್ಪತ್ತು ರೂಪಾಯಿಯ ಛಾಪಾಕಾಗದದ ಮೇಲೆ, ಇಂದಿನಿಂದ ಒಬ್ಬರಿಗೊಬ್ಬರು ಸಂಬಂಧವಿಲ್ಲವೆಂಬ ಒಕ್ಕಣೆಯ ಬಿಡುಗಡೆ ಪತ್ರ ಸಿದ್ಧವಾಯಿತು. ಅಕ್ಷರ ದುಂಡಗಿದೆಯೆಂಬ ಕಾರಣಕ್ಕೆ ಅದನ್ನು ಬರೆದವನು ನಾನು. ಸಾಕ್ಷಿಯೆಂದು ರುಜು ಹಾಕಿದವನೂ ನಾನೇ. ಬಿ.ಎಡ್. ಓದಿದ್ದ ನನಗೆ ಆ ಕಾಗದದ ಬೆಲೆಯೇನೆಂದು ತಿಳಿದಿರಲಿಲ್ಲ. ಯಾರನ್ನಾದರೂ ಕೇಳೋಣವೆಂಬ ಬುದ್ಧಿಯೂ ಬರಲಿಲ್ಲ.

ಆಕೆ ಮರುಮದುವೆಯಾದಳು. ಕೆಲವು ವರ್ಷಗಳ ಹಿಂದೆ ಎರಡನೆಯ ಗಂಡ ತೀರಿಕೊಂಡಾಗ ಅವನ ಗದ್ದೆಯ ಪೌತಿ ಖಾತೆಗೆ ಅರ್ಜಿ ಹಾಕಿದಳು. ಮೈದುನ ತಕರಾರು ಹೂಡಿದ. ಅವನು ಮುಂದಿಟ್ಟ ದಾಖಲೆ ನಾನು ಬರೆದ ಅದೇ ಪತ್ರದ ನಕಲು. ಮೊದಲ ಗಂಡ ಬದುಕಿದ್ದಾನೆ, ನ್ಯಾಯಾಲಯದ ಡಿಕ್ರಿಯಿಲ್ಲ, ಆದುದರಿಂದ ಎರಡನೆಯ ಮದುವೆಯೇ ಅಸಿಂಧು ಎಂಬುದು ಅವನ ವಾದ. ಮಕ್ಕಳ ಹೆಸರು ಖಾತೆಗೆ ಬಂತು. ತಾಯಿಯ ಹೆಸರು ಬರಲಿಲ್ಲ. "ಸಾರ್, ಅದು ನೀವೇ ಬರೆದದ್ದಲ್ಲವೇ?" ಎಂದು ಆಕೆ ಕೇಳಿದಳು. ಬೈದಿದ್ದರೆ ಸಹಿಸಬಹುದಿತ್ತು.

ಇಂತಹ ಪತ್ರಗಳು ಇಂದಿಗೂ ತಯಾರಾಗುತ್ತಿವೆ ಎಂಬುದೇ ನನ್ನ ಸಿಟ್ಟಿಗೆ ಕಾರಣ. 1955ರ ಹಿಂದೂ ವಿವಾಹ ಕಾಯಿದೆ ವೀರಶೈವ, ಲಿಂಗಾಯತರನ್ನು ಹೆಸರಿಟ್ಟೇ ತನ್ನೊಳಗೆ ಸೇರಿಸಿಕೊಂಡಿದೆ. ಅದರ ಪ್ರಕಾರ ವಿಚ್ಛೇದನ ಕೊಡತಕ್ಕದ್ದು ನ್ಯಾಯಾಲಯ. ಕುಲಾಚಾರದ ಬಿಡುಗಡೆಗೆ 29ನೆಯ ಕಲಮಿನಲ್ಲಿ ಅವಕಾಶವಿದೆ ನಿಜ. ಆದರೆ ಅಂತಹ ಆಚಾರ ಉಂಟೆಂದು ಹೇಳುವವನೇ ಅದನ್ನು ರುಜುವಾತುಪಡಿಸಬೇಕು. ಡಿಕ್ರಿಯಿಲ್ಲದೆ ಮರುಮದುವೆಯಾದವರಿಗೆ 7 ವರ್ಷಗಳವರೆಗೆ ಸೆರೆವಾಸವಾಗಬಹುದು.

"ಕೋರ್ಟಿಗೆ ಅಲೆಯುವವರು ಯಾರು ಮೇಷ್ಟ್ರೇ, ಪಂಚಾಯಿತಿಯಲ್ಲಿ ಒಂದೇ ದಿನಕ್ಕೆ ಮುಗಿಯುತ್ತದೆ" ಎನ್ನುವ ಹಿರಿಯರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಅಲೆದಾಟದ ಕಷ್ಟವನ್ನು ಬಲ್ಲೆ. ಹಿರಿಯರು ಕೂತು ಮಾತಾಡಲಿ, ಕೊಡುವ ಕೊಳ್ಳುವ ಲೆಕ್ಕವನ್ನು ತೀರ್ಮಾನಿಸಲಿ. ಆದರೆ ಆ ಒಪ್ಪಂದವನ್ನು ನ್ಯಾಯಾಲಯಕ್ಕೆ ಒಯ್ಯಲಿ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ 1976ರಿಂದಲೇ ದಾರಿಯಿದೆ. ಒಂದು ವರ್ಷ ಬೇರೆಯಾಗಿದ್ದವರು ಜಂಟಿ ಅರ್ಜಿ ಸಲ್ಲಿಸಬಹುದು. ಆ ಬಳಿಕದ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ನ್ಯಾಯಾಲಯ ಬಿಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ.

ಇನ್ನೊಂದು ಮಾತು ನನ್ನ ಬಂಧುಗಳಿಗೆ. ಅರ್ಜಿ ಹಾಕುವ ಮೊದಲೇ ಕಾಗದಪತ್ರ ಜೋಡಿಸಿಕೊಳ್ಳುವ ಹೆಣ್ಣನ್ನು ನೀವು 'ಮನೆಮುರುಕಿ' ಎನ್ನುತ್ತೀರಿ. ಮದುವೆಗೆ ಆರು ತಿಂಗಳ ಮುಂಚೆಯೇ ಜವಳಿ, ಒಡವೆ, ಛತ್ರವೆಂದು ಓಡಾಡುವ ನಾವು, ಅದು ಮುರಿಯುವಾಗ ಮಾತ್ರ ಬರಿಗೈಯಲ್ಲಿ ಹೊರಡಬೇಕೆನ್ನುವುದು ಯಾವ ನ್ಯಾಯ? ಉಡುತಡಿಯ ಅಕ್ಕಮಹಾದೇವಿ ನಮ್ಮ ಶಿಕಾರಿಪುರ ತಾಲ್ಲೂಕಿನವಳೆಂದು ಹೆಮ್ಮೆಪಡುತ್ತೇವೆ. ಎಲ್ಲವನ್ನೂ ಬಿಟ್ಟು ಹೊರಟವಳನ್ನು ಪೂಜಿಸುತ್ತೇವೆ. ತನ್ನದನ್ನು ಕೇಳಿ ಹೊರಡುವವಳನ್ನು ಹಳಿಯುತ್ತೇವೆ. ಸ್ತ್ರೀಧನ ಹೆಣ್ಣಿನದೇ ಎಂದು ಮೈಸೂರು ಸಂಸ್ಥಾನ 1933ರಲ್ಲೇ ಕಾಯಿದೆ ಮಾಡಿತ್ತು. ನಮ್ಮ ಎರಡೂ ತಾಲ್ಲೂಕುಗಳು ಆಗ ಆ ಸಂಸ್ಥಾನದಲ್ಲೇ ಇದ್ದವು. 1985ರಲ್ಲಿ ಸುಪ್ರೀಂ ಕೋರ್ಟೂ ಸ್ತ್ರೀಧನ ಹೆಂಡತಿಯ ಸ್ವತ್ತೆಂದು ಸಾರಿತು.

ಆದುದರಿಂದ ಸಿದ್ಧತೆ ಕಪಟವಲ್ಲ. ಲಗ್ನಪತ್ರಿಕೆ, ಮದುವೆಯ ಫೋಟೋ, ನೋಂದಣಿ ಪತ್ರ, ಒಡವೆಗಳ ರಸೀದಿ, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ನಿಮ್ಮ ಅಂಕಪಟ್ಟಿ, ಇವುಗಳ ನಕಲು ನಂಬಿಕೆಯವರಲ್ಲಿರಲಿ. ತನಗೇನೂ ಇಲ್ಲವೆಂದು ಗಂಡ ಹೇಳಿದರೆ ಪಹಣಿ ತೆಗೆಸಿ ನೋಡಿ. ಜೀವನಾಂಶದ ಮೊಕದ್ದಮೆಯಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬಹಿರಂಗಪಡಿಸಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ವಿಧಿಸಿದೆ. ಇದು ಗಂಡಸರಿಗೂ ಎಚ್ಚರಿಕೆ: ರಾತ್ರೋರಾತ್ರಿ ತೋಟವನ್ನು ತಮ್ಮನ ಹೆಸರಿಗೆ ಬರೆಯುವುದು ಸಿದ್ಧತೆಯಲ್ಲ, ವಂಚನೆ. ಹೆಣ್ಣುಮಕ್ಕಳೂ ಗಂಡನ ಆಸ್ತಿಯಲ್ಲಿ ತಾನಾಗಿಯೇ ಅರ್ಧ ಪಾಲು ಬರುತ್ತದೆಂದು ನಂಬಬೇಡಿ. ಹಾಗೆಂದು ಕಾಯಿದೆ ಹೇಳುವುದಿಲ್ಲ.

ಎಲ್ಲಿ ವಾಸ, ಯಾವ ದುಡಿಮೆ ಎಂಬುದನ್ನು ಮೊದಲೇ ಯೋಚಿಸಿ. ಮಕ್ಕಳನ್ನು ವರ್ಷದ ನಡುವೆ ಶಾಲೆ ಬಿಡಿಸಬೇಡಿ. ಅವರ ಬಾಯಲ್ಲಿ ಜಗಳದ ಸುದ್ದಿ ಕಳಿಸಬೇಡಿ. ಹಾಗೆ ಕಳಿಸಿದ ಮಕ್ಕಳು ಕೊನೆಯ ಬೆಂಚಿನಲ್ಲಿ ಮಂಕಾಗಿ ಕೂರುವುದನ್ನು ನಾನು ಎಷ್ಟೋ ವರ್ಷ ಕಂಡಿದ್ದೇನೆ. ಹೊಡೆತ ಬಡಿತವಿದ್ದರೆ ಮಾತ್ರ ಯಾವ ಸಿದ್ಧತೆಗೂ ಕಾಯಬೇಡಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಪೆಟ್ಟು ತಿಂದು ಮಲಗುವವಳಿಗಾಗಿ ಹುಟ್ಟಿದ್ದಲ್ಲ. ಅವಳಿಗಾಗಿ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಿದೆ.

ವಕೀಲರ ಶುಲ್ಕದ ಚಿಂತೆಯೇ? 1987ರ ಕಾಯಿದೆಯಂತೆ, ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿರಿ, ಇಲ್ಲವೇ 15100ಕ್ಕೆ ಕರೆ ಮಾಡಿರಿ.

ನಾನು ಇನ್ನು ಯಾವ ಬಿಡುಗಡೆ ಪತ್ರವನ್ನೂ ಬರೆಯುವುದಿಲ್ಲ. ಕೇಳಿ ಬಂದವರನ್ನು ಆ ಸಮಿತಿಯ ಬಾಗಿಲವರೆಗೆ ಕರೆದೊಯ್ಯುತ್ತೇನೆ. ನನ್ನ ಕೈಯಲ್ಲಿ ಅಕ್ಷರ ಕಲಿತವರು ನೀವು. ನಾಳೆ ನಿಮ್ಮೂರಿನ ಪಂಚಾಯಿತಿಯಲ್ಲಿ ನಿಮ್ಮ ಕೈಗೂ ಅಂತಹ ಕಾಗದವನ್ನು ಕೊಟ್ಟರೆ ದಯಮಾಡಿ ಲೇಖನಿಯನ್ನು ಕೆಳಗಿಡಿ.