ಹೊಸ ಊರಾಗ ಗೆಳೆಯರು ಎಲ್ಲಿಂದ ಬರ್ತಾರ?



ಮುಂಬೈಗೆ ಬಂದು 14 ತಿಂಗಳಾಯ್ತು. ಕಲಬುರಗಿಯಿಂದ ಫೋನ್ ಮಾಡೋರೆಲ್ಲ ಕೇಳೋ ಮಾತು ಒಂದೇ: "ಸೆಟ್ಲ್ ಆದ್ಯೇನಪ್ಪ?" ಕೆಲಸ ಅದ, ಖೋಲಿ ಅದ, ಲೋಕಲ್ ಟ್ರೇನಿನ ಪಾಸೂ ಅದ. ಆದರೂ ಒಂದೇ ಮಾತಿನಲ್ಲಿ ಹೌದು ಅನ್ನಾಕ ಆಗ್ತಿಲ್ಲ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ, ಪುರಸೊತ್ತಿದ್ದಾಗ ಓದ್ರಿ.

ಹೊಸ ಊರಿಗೆ ಹೋದವರಿಗೆ ಬುದ್ಧಿ ಹೇಳೋರಿಗೇನೂ ಬರ ಇಲ್ಲ. ಅಕ್ಕಪಕ್ಕದವರನ್ನ ಮಾತಾಡಿಸ್ರಿ, ಆಫೀಸಿನವರ ಜೊತೆ ಊಟಕ್ಕೆ ಹೋಗ್ರಿ, ಒಬ್ಬರೇ ಕೂಡಬ್ಯಾಡ್ರಿ, ಆರು ತಿಂಗಳಾಗೋದ್ರಾಗ ಎಲ್ಲಾ ಸರಿ ಹೋಗ್ತದ. ಒಂಟಿತನ ಅನ್ನೋದು ನಮ್ಮ ನಮ್ಮ ಸಂಕೋಚದಿಂದ ಹುಟ್ಟುತ್ತದೆ ಅಂತ ನಂಬಿದವರ ಸಲಹೆ ಇದು. ನನ್ನ ವಾದ ಬೇರೆ. ದೊಡ್ಡ ಊರಿನಲ್ಲಿ ಕೆಲವರಿಗೆ ಗೆಳೆಯರು ರೈಲು ಇಳಿಯೋದಕ್ಕಿಂತ ಮೊದಲೇ ತಯಾರಿರ್ತಾರೆ, ಕೆಲವರಿಗೆ ಇರೋದಿಲ್ಲ. ಯಾರಿಗೆ ಇರ್ತಾರೆ, ಯಾರಿಗೆ ಇರಲ್ಲ ಅನ್ನೋದನ್ನ ಬಹಳ ಮಟ್ಟಿಗೆ ಜಾತಿ ತೀರ್ಮಾನ ಮಾಡ್ತದ. ನಮ್ಮ ಸಂಘಟನೆಗಳು ಇದನ್ನ ಒಂದು ಪ್ರಶ್ನೆ ಅಂತ ಇನ್ನೂ ಎತ್ತಿಕೊಂಡಿಲ್ಲ.

ಹವಾಮಾನದ ಕತೆ ಮೊದಲು ಮುಗಿಸಿಬಿಡ್ತೀನಿ, ಯಾಕಂದ್ರ ಅದು ಸಣ್ಣದು. ನಮ್ಮ ಕಡೆ ಮೇ ತಿಂಗಳಲ್ಲಿ 42 ಡಿಗ್ರಿ ಇದ್ದರೂ ಒಣ ಬಿಸಿಲು. ನೆರಳಿಗೆ ಬಂದ್ರ ಬೆವರು ಆರ್ತದ, ರಾತ್ರಿ ಮಾಳಿಗಿ ಮ್ಯಾಲ ಅಡ್ಡಾದ್ರ ನಿದ್ದಿ ಬರ್ತದ. ಇಲ್ಲಿ 34 ಇದ್ದರೂ ಬೆವರು ಮೈ ಬಿಡಂಗಿಲ್ಲ. ಜೂನ್‌ನಲ್ಲಿ ಮಳಿ ಹಿಡೀತು ಅಂದ್ರ ಬಟ್ಟಿ ಒಣಗೋದಿಲ್ಲ. ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲಾದಕ್ಕೂ ಬೂಸ್ಟು. ಊರಿಂದ ಕಟ್ಟಿಸಿಕೊಂಡು ಬಂದ ಜ್ವಾಳದ ಹಿಟ್ಟು ಹದಿನೈದು ದಿನದಾಗ ಹುಳ ಹಿಡೀತು. ಒಂದು ಮಳೆಗಾಲ ಕಳೆದ ಮೇಲೆ ಮೈ ಒಗ್ಗಿತು. ಮಳೆ ಎಲ್ಲರ ಮೇಲೂ ಒಂದೇ ಸಮ ಬೀಳ್ತದ ಅಂತ ಹೇಳೋರು ಮಾತ್ರ ಜೂನ್‌ಗಿಂತ ಮೊದಲು ಇಲ್ಲಿಯ ಗುಡಿಸಲುಗಳ ಮೇಲೆ ನೀಲಿ ತಾಡಪತ್ರಿ ಬಿಗಿಯೋದನ್ನ, ಮಳೆ ನಿಂತ ಮೇಲೆ ಗಟಾರಕ್ಕೆ ಇಳಿಯೋರು ಯಾರು ಅನ್ನೋದನ್ನ ಒಂದು ಸಲ ಬಂದು ನೋಡಬೇಕು.

ಒಗ್ಗದೇ ಇದ್ದದ್ದು ಮನಿ ಹುಡುಕೋ ಕೆಲಸ. ಹನ್ನೊಂದು ತಿಂಗಳ ಅಗ್ರಿಮೆಂಟು, ಡಿಪಾಜಿಟ್ಟು, ಬ್ರೋಕರನಿಗೆ ಒಂದು ತಿಂಗಳ ಬಾಡಿಗಿ, ಪೊಲೀಸ್ ವೆರಿಫಿಕೇಶನ್. ಇಷ್ಟು ಎಲ್ಲರಿಗೂ ಇದ್ದದ್ದೇ. ಫರಕು ಇರೋದು ಮೊದಲ ಐದು ನಿಮಿಷದ ಮಾತಿನಲ್ಲಿ. "ಪೂರಾ ನಾಮ್?" ನಮ್ಮ ಕಡೆ ಬಹಳ ಮಂದಿಗೆ ಊರಿನ ಹೆಸರೇ ಅಡ್ಡಹೆಸರು, ನನ್ನದೂ ಹಂಗೇ. ಮುಂಬೈಯ ಬ್ರೋಕರನಿಗೆ ಕಾಂಬಳೆ ಗೊತ್ತು, ಕುಲಕರ್ಣಿ ಗೊತ್ತು, ನನ್ನ ಅಡ್ಡಹೆಸರು ಯಾವ ಲೆಕ್ಕಕ್ಕೂ ಸಿಗವಲ್ದು. ಆಗ ಎರಡನೇ ಪ್ರಶ್ನೆ: "ಕರ್ನಾಟಕಾ? ಲಿಂಗಾಯತ್ ಹೈ ಕ್ಯಾ?" ಅಲ್ಲ ಅಂದ ಕೂಡಲೇ ಮೂರನೆಯದು: "ವೆಜ್ ಯಾ ನಾನ್‌ವೆಜ್?" ಮೂರೂ ಒಂದೇ ಪ್ರಶ್ನೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಏಳು ಮನಿ ನೋಡಿದೆ. ಐದನೆಯದಕ್ಕೆ ಮಾತು ಮುಗಿದು ಟೋಕನ್ ಕೊಟ್ಟೆ, ಸಾಮಾನು ತಂದೆ. ಪುಸ್ತಕದ ಡಬ್ಬಿ ಮ್ಯಾಲ ಬಾಬಾಸಾಹೇಬರ ಫೋಟೋ ಇತ್ತು, ಕಾಜು ಒಡೀಬಾರದು ಅಂತ ಮ್ಯಾಲೇ ಇಟ್ಟಿದ್ದೆ. ಮನಿ ಮಾಲೀಕರು ಫೋಟೋ ನೋಡಿದರು, ನನ್ನ ನೋಡಿದರು, ಚಹಾನೂ ಕೊಟ್ಟರು. ಸಂಜಿಗೆ ಬ್ರೋಕರನ ಫೋನು: ಅವರ ಸಂಬಂಧಿಕರು ಊರಿಂದ ಬರೋರಿದ್ದಾರಂತ, ಮನಿ ಅವರಿಗೇ ಬೇಕಂತ. ಟೋಕನ್ ರೂಪಾಯಿ ಬಿಡದಂಗ ವಾಪಸ್ ಬಂತು. ಯಾರೂ ಬೈಲಿಲ್ಲ, ಯಾರೂ ಜಾತಿ ಹೆಸರು ಎತ್ತಲಿಲ್ಲ, ಕೇಸು ಹಾಕಾಕ ಒಂದು ಶಬ್ದ ಕೈಗೆ ಸಿಗಲಿಲ್ಲ. ಆಮೇಲೆ ಇಲ್ಲಿಯ ನಮ್ಮ ಹುಡುಗರನ್ನ ಕೇಳಿದರೆ ಎಲ್ಲರ ಕತೆಯಲ್ಲೂ ಒಬ್ಬ ಸಂಬಂಧಿಕ ಊರಿಂದ ಬಂದಿದ್ದಾನೆ. ಒಂಟಿ ಹೆಣ್ಣುಮಕ್ಕಳಿಗೆ ಇದರ ಮ್ಯಾಲ ಇನ್ನೂ ನಾಲ್ಕು ಪ್ರಶ್ನೆ ಹೆಚ್ಚಿಗಿ.

ಕಾನೂನು ಏನು ಹೇಳ್ತದ? ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಎಲ್ಲಾ ಹೆಸರಿಸ್ಯಾರ. ಬಾಡಿಗಿ ಮನಿ ಆ ಪಟ್ಟಿಯಲ್ಲಿ ಇಲ್ಲ. 2005ರಲ್ಲಿ ಅಹಮದಾಬಾದಿನ ಜೊರಾಸ್ಟ್ರಿಯನ್ ಹೌಸಿಂಗ್ ಸೊಸೈಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಂದು ಸೊಸೈಟಿ ತನ್ನ ಸದಸ್ಯತ್ವವನ್ನ ಒಂದೇ ಸಮುದಾಯದವರಿಗೆ ಮೀಸಲಿಡಬಹುದು ಅಂತ ಒಪ್ಪಿತು. ಮೀಸಲಾತಿ ಅಂದ್ರ ಉರಿದು ಬೀಳೋ ಮಂದಿ ಈ ಮೀಸಲಾತಿ ಬಗ್ಗೆ ತುಟಿ ಬಿಚ್ಚಿದ್ದನ್ನ ನಾನಂತೂ ಕೇಳಿಲ್ಲ.

ಈಗ ಬರೋಡಾ. 1917ರಲ್ಲಿ ಬಾಬಾಸಾಹೇಬರು ವಿದೇಶದಿಂದ ಬಂದು ಬರೋಡಾ ಸಂಸ್ಥಾನದ ನೌಕರಿಗೆ ಹೋದ ಕತೆ ನಮಗೆಲ್ಲ ಬಾಯಿಪಾಠ. ಪಾರ್ಸಿ ಛತ್ರ, ಸುಳ್ಳು ಹೆಸರು, ಹನ್ನೊಂದನೇ ದಿನ ಬಡಿಗಿ ಹಿಡಿದು ಬಂದ ಗುಂಪು. ಭಾಷಣದಲ್ಲಿ ನಾವು ಅಲ್ಲಿಗೇ ನಿಲ್ಲಿಸ್ತೀವಿ. ಅವರೇ ಬರೆದಿಟ್ಟ ಮುಂದಿನ ಭಾಗ ನನಗೆ ಮುಂಬೈಗೆ ಬಂದ ಮೇಲೆ ಹೆಚ್ಚು ಕಾಡ್ತದ. ಸಂಜೆಯೊಳಗೆ ಛತ್ರ ಖಾಲಿ ಮಾಡಬೇಕಾದಾಗ ಅವರು ಹೋಗಿದ್ದು ಇಬ್ಬರು ಗೆಳೆಯರ ಮನೆಗೆ. ಒಬ್ಬರು ಹಿಂದೂ, ಇನ್ನೊಬ್ಬರು ಕ್ರಿಶ್ಚಿಯನ್. ನೀವು ನನ್ನ ಮನೆಗೆ ಬಂದರೆ ಆಳುಗಳು ಬಿಟ್ಟು ಹೋಗ್ತಾರೆ ಅಂದರು ಮೊದಲನೆಯವರು. ಹೆಂಡತಿ ನಾಳೆ ಬರ್ತಾಳೆ, ಕೇಳಿ ಹೇಳ್ತೀನಿ ಅಂದರು ಎರಡನೆಯವರು. ಬಾಬಾಸಾಹೇಬರು ಕಾಮಾಠಿ ಬಾಗ್ ತೋಟದಲ್ಲಿ ಹೊತ್ತು ಕಳೆದು ರಾತ್ರಿ ರೈಲಿಗೆ ಮುಂಬೈಗೆ ಮರಳಿದರು. ಆ ಇಬ್ಬರೂ ಅವರ ವೈರಿಗಳಾಗಿರಲಿಲ್ಲ ಅನ್ನೋದನ್ನ ಗಮನಿಸ್ರಿ. ಮಾತಿಗೆ, ಚರ್ಚೆಗೆ ಗೆಳೆಯರೇ. ತಲೆ ಮ್ಯಾಲ ಸೂರು ಬೇಕಾದ ದಿನ ಆ ಗೆಳೆತನ ಹೊಸ್ತಿಲ ದಾಟಿ ಒಳಗೆ ಕರೀಲಿಲ್ಲ. ಮರಳಿ ಬಂದದ್ದು ಪರೇಲಿನ ಚಾಳಿಗೆ, ಗಿರಣಿ ಕೆಲಸಗಾರರ ನಡುವೆ.

ನನಗೂ ಖೋಲಿ ಸಿಕ್ಕಿದ್ದು ಅಂಥ ಕಡೆಯಿಂದಲೇ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಮುಂಬೈ–ಪುಣೆಗೆ ದುಡಿಯಾಕ ಬರೋರು ಇವತ್ತು ನಿನ್ನಿಯವರಲ್ಲ. ಮುಂಜಾನಿ ನಾಕಾದಾಗ ಸಲಿಕಿ, ಬುಟ್ಟಿ ಹಿಡಿದು ಕೂಲಿಗೆ ನಿಲ್ಲೋ ಸಾಲಿನಾಗ ನಮ್ಮ ಮಾತು ಕಿವಿಗೆ ಬಿತ್ತು. ಹೋಗಿ ಮಾತಾಡಿಸಿದೆ. "ಯಾವೂರೋ ತಮ್ಮಾ ನಿಂದು?" ಅಂದ ಅಕ್ಕ ಚಿತ್ತಾಪುರ ಕಡೆಯವರು. ಊರು ಕೇಳಿದರು, ಕೇರಿ ಕೇಳಿದರು, ನಾನೂ ನೇರವಾಗಿ ಹೇಳಿದೆ. "ಹಂಗಾದ್ರ ನಮ್ಮವನೇ ಬಿಡು. ನಮ್ಮ ಚಾಳಿನಾಗ ಒಂದು ಖೋಲಿ ಖಾಲಿ ಆಗ್ತದ, ಭಾನುವಾರ ಬಾ." ನನ್ನ ಇಂಗ್ಲಿಷು, ನನ್ನ ಡಿಗ್ರಿ, ಆಫೀಸಿನ ಪ್ರಗತಿಪರ ಸಹೋದ್ಯೋಗಿಗಳು ಎರಡು ತಿಂಗಳಾದರೂ ಮಾಡದ ಕೆಲಸ ಆ ಅಕ್ಕ ಹತ್ತು ನಿಮಿಷದಾಗ ಮಾಡಿದರು.

ಇದನ್ನ ಬಹಳ ಚಂದ ಮಾಡಿ ಹೇಳೋದು ಬ್ಯಾಡ. "ನಮ್ಮವನೇ" ಅನ್ನೋ ಮಾತಿಗೆ ನಾಕಾದಲ್ಲೂ ಬೇಲಿ ಅದ. ಎಡ–ಬಲ ಅಲ್ಲೂ ಬೇರೆ ಬೇರೆ ಗುಂಪಾಗಿ ಕೂಡ್ತದ, ಒಂದು ಗುಂಪಿನ ಮುಕಾದಮ ಇನ್ನೊಂದರವರನ್ನ ಕರೆಯಂಗಿಲ್ಲ. ಒಳಮೀಸಲಾತಿ ಬಗ್ಗೆ ವರ್ಷಗಟ್ಟಲೆ ವಾದ ಮಾಡಿದ ನಾವು ಒಂದೇ ತಾಟಿನಾಗ ಉಣ್ಣೋದರ ಬಗ್ಗೆ ಎಷ್ಟು ಮಾತಾಡಿದ್ದೀವಿ, ನೀವೇ ಹೇಳ್ರಿ.

ಮುಂಬೈ ಕನ್ನಡಿಗರು ಅಂದಕೂಡಲೇ ಕೆಲವರು ಸಂಘಗಳ ಹೆಸರು ಹೇಳ್ತಾರ. ಹೌದು, ಅವು ಅದಾವ, ಗಟ್ಟಿಯಾಗೇ ಅದಾವ. ಬಂಟರ ಸಂಘ, ಬಿಲ್ಲವರ ಅಸೋಸಿಯೇಶನ್, ಮೊಗವೀರರ ಮಂಡಳಿ. ಕರಾವಳಿಯಿಂದ ಸಣ್ಣ ವಯಸ್ಸಿನಲ್ಲಿ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿದವರು ಕಟ್ಟಿಕೊಂಡ ಬಳಗ ಅದು. ನನಗೆ ಹೊಟ್ಟಿಕಿಚ್ಚಿಲ್ಲ. ಆದರ ಅಲ್ಲಿಯ ಹೊಸ ಹುಡುಗನಿಗೆ ರೈಲು ಇಳಿದ ದಿನವೇ ಒಂದು ಫೋನ್ ನಂಬರು, ಒಂದು ಊಟ, ಮಲಗಾಕ ಒಂದು ಜಾಗ ಸಿಗ್ತದ. ನಮ್ಮ ಹುಡುಗನಿಗೆ ಸಿಗೋದು ಗೂಗಲ್ ಮ್ಯಾಪು.

ಹುಡುಗರು ಅಂದಾಗ ದರ್ಶನ್ ಸೋಲಂಕಿ ನೆನಪಾಗ್ತಾನ. ಅಹಮದಾಬಾದಿನ 18 ವರ್ಷದ ದಲಿತ ಹುಡುಗ, ಮುಂಬೈ ಐಐಟಿಗೆ ಸೇರಿ ಕೆಲವೇ ತಿಂಗಳಾಗಿತ್ತು. 2023ರ ಫೆಬ್ರುವರಿ 12ರಂದು ನಮ್ಮನ್ನ ಬಿಟ್ಟುಹೋದ. ಜಾತಿ ಗೊತ್ತಾದ ಮೇಲೆ ಜೊತೆಯವರ ನಡವಳಿಕೆ ಬದಲಾಯಿತು ಅಂತ ಮನೆಯವರು ಹೇಳಿದರು. ತಾರತಮ್ಯಕ್ಕೆ ನೇರ ಪುರಾವೆ ಇಲ್ಲ ಅಂತ ಸಂಸ್ಥೆಯ ಸಮಿತಿ ಹೇಳಿತು. ಅದೇ ವರ್ಷ ಅದೇ ಸಂಸ್ಥೆ, ಒಬ್ಬರಿಗೊಬ್ಬರು ಜೆಇಇ ರ‍್ಯಾಂಕ್ ಕೇಳಬ್ಯಾಡ್ರಿ ಅಂತ ವಿದ್ಯಾರ್ಥಿಗಳಿಗೆ ಸೂಚನೆ ಹೊರಡಿಸಿತು. ರ‍್ಯಾಂಕ್ ಕೇಳೋದು ಯಾಕೆ ಅಂತ ಗೊತ್ತಿದ್ದರೆ ತಾನೇ ಅಂಥ ಸೂಚನೆ ಬರೋದು? ನಾನು ಕೇಳೋದು ನಮ್ಮನ್ನ: ಆ ಹುಡುಗ ಇದ್ದ ಊರಿನಲ್ಲೇ ಡಿಸೆಂಬರ್ 6ಕ್ಕೆ ಲಕ್ಷಗಟ್ಟಲೆ ಮಂದಿ ನಾವು ಚೈತ್ಯಭೂಮಿಯಲ್ಲಿ ಸೇರಿದ್ದೆವು. ಶಿವಾಜಿ ಪಾರ್ಕ್ ತುಂಬ ಪುಸ್ತಕ, ಹಾಡು, ಪುಕ್ಕಟೆ ಊಟ. ಮರುದಿನ ಮುಂಜಾನೆ ನಮ್ಮವರೇ ಆದ ಪೌರಕಾರ್ಮಿಕರು ಮೈದಾನ ಗುಡಿಸೋ ಹೊತ್ತಿಗೆ ನಾವೆಲ್ಲ ರೈಲು ಹತ್ತಿದ್ದೆವು. ಡಿಸೆಂಬರ್ 7ರಿಂದ ಈ ಊರಾಗ ಒಬ್ಬರೇ ಇರೋರಿಗೆ ನಮ್ಮ ಬಳಿ ಏನದ?

ಇದು ಸಮಾಜಸೇವೆ, ಹೋರಾಟ ಅಲ್ಲ ಅಂತ ಒಬ್ಬ ಹಿರಿಯ ಸಂಗಾತಿ ಫೋನಿನಲ್ಲಿ ನಕ್ಕರು. ಅಣ್ಣಾ, ನಿಮಗೆ ಇಲ್ಲೇ ಉತ್ತರ ಕೊಡ್ತೀನಿ. ಬಹಿಷ್ಕೃತ ಹಿತಕಾರಿಣಿ ಸಭಾ ಇದೇ ಮುಂಬೈಯಲ್ಲಿ ಶುರುವಾಗಿದ್ದು 1924ರಲ್ಲಿ. ಅದು ಮೊದಲು ಹಚ್ಚಿಕೊಂಡ ಕೆಲಸಗಳೇನು? 1925ರಲ್ಲಿ ಸೊಲ್ಲಾಪುರದಲ್ಲಿ ಹಾಸ್ಟೆಲು, ಓದೋರಿಗೆ ವಾಚನಾಲಯ, ಮುಂಬೈಯ ನಮ್ಮ ಹುಡುಗರಿಗೆ ಹಾಕಿ ಕ್ಲಬ್ಬು. ಹೌದು, ಹಾಕಿ! ಮಹಾಡ್ ಕೆರೆಯ ಸತ್ಯಾಗ್ರಹ 1927ರಲ್ಲಿ, ಅಂದ್ರ ಇಷ್ಟೆಲ್ಲ ಆದ ಮ್ಯಾಲ. ಹಾಸ್ಟೆಲಿನ ಅನ್ನ ಉಂಡು, ಜೊತೆ ಆಡಿದ ಮಂದಿ ಕೆರೆಗೂ ಜೊತೆ ನಡೀತಾರ.

ಅದಕ್ಕೇ ಜಿಲ್ಲಾ ಸಮಿತಿಗಳಿಗೆ ನನ್ನ ಮಾತು. ಓದಾಕ, ದುಡಿಯಾಕ ಹೊರಗೆ ಹೋಗೋ ನಮ್ಮ ಹುಡುಗ ಹುಡುಗಿಯರ ಹೆಸರು ಬರೆದುಕೊಳ್ರಿ. ಮುಂಬೈ, ಪುಣೆ, ಬೆಂಗಳೂರು, ಹೈದರಾಬಾದಿನಲ್ಲಿ ಒಬ್ಬೊಬ್ಬರ ನಂಬರು ಅವರ ಕೈಗೆ ಕೊಡ್ರಿ. ಭಿಶಿ ಹಾಕಿದಂಗ ಡಿಪಾಜಿಟ್ಟಿಗೆ ಒಂದು ನಿಧಿ ಮಾಡ್ರಿ, ಮನಿ ಬಿಟ್ಟಾಗ ರೊಕ್ಕ ನಿಧಿಗೆ ವಾಪಸ್ ಬರ್ತದ. ಏಪ್ರಿಲ್ 14ರ ಫ್ಲೆಕ್ಸಿನ ಅರ್ಧ ಖರ್ಚು ಇದಕ್ಕೆ ತೆಗೆದಿಟ್ಟರೂ ಸಾಕು. ಫ್ಲೆಕ್ಸಿನಾಗ ನಿಮ್ಮ ಮುಖ ಸಣ್ಣದಾಗ್ತದ, ತಡ್ಕೊಳ್ರಿ.

ಇಲ್ಲಿ ನಾವು ಶುರು ಮಾಡೀವಿ. ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ನಮ್ಮ ಖೋಲಿಯಲ್ಲಿ ರೊಟ್ಟಿ, ಪುಂಡಿಪಲ್ಯ, ಸಿಕ್ಕರ ಒಣಮೀನ. ನಾಕಾದ ಅಕ್ಕನೂ ಬರ್ತಾರ, ಪಿಎಚ್‌ಡಿ ಮಾಡೋ ಹುಡುಗಿಯೂ ಬರ್ತಾಳ, ಎಡ–ಬಲ ಎರಡೂ ಕಡೆಯವರು ಬರ್ತಾರ. ಹೋದ ಸಲ 11 ಮಂದಿ ಆದೆವು, ರೊಟ್ಟಿ ಬಡಿಯೋರು ಮಾತ್ರ ಇಬ್ಬರು, ಅದೂ ಇಬ್ಬರೂ ಹೆಣ್ಣುಮಕ್ಕಳು. ಈ ಸಲ ಗಂಡುಮಕ್ಕಳು ಒಂದು ತಾಸು ಮೊದಲೇ ಬಂದು ಹಿಟ್ಟು ನಾದಬೇಕು ಅಂತ ತೀರ್ಮಾನ ಆಗ್ಯಾದ. ಮುಂಬೈಯಾಗ ಇರೋರು, ಹೊಸದಾಗಿ ಬರೋರು ಇನ್‌ಬಾಕ್ಸಿಗೆ ಬರ್ರಿ, ವಿಳಾಸ ಕಳಸ್ತೀನಿ. ನಿಮ್ಮ ನಿಮ್ಮ ತಾಟು ನೀವೇ ತರ್ರಿ. ಭಾನುವಾರ ಸೆಂಟ್ರಲ್ ಲೈನಿಗೆ ಮೆಗಾಬ್ಲಾಕ್ ಇರ್ತದ, ಟೈಮು ನೋಡ್ಕೊಂಡು ಮನಿ ಬಿಡ್ರಿ.