ದೊಡ್ಡಪ್ಪ ಬರೆದಿಟ್ಟ ಮಾತು

ಈ ಬೇಸಿಗೆ ರಜೆಯಲ್ಲಿ ಮಗ ನಮ್ಮನ್ನೆಲ್ಲ ವಿಯೆಟ್ನಾಮಿಗೆ ಕರೆದುಕೊಂಡು ಹೋಗಿದ್ದ. ರಾಜಧಾನಿ ಹನೋಯಿಯಲ್ಲಿ ನಾಲ್ಕು ದಿನ ಇದ್ದೆವು. ಮೂರನೆಯ ದಿನ ಬೆಳಕು ಹರಿಯುವಷ್ಟರಲ್ಲೇ ಎಬ್ಬಿಸಿದ್ದಕ್ಕೆ ಮೊಮ್ಮಗಳು ಮುಖ ಊದಿಸಿಕೊಂಡಳು.

“ರಜಾದಲ್ಲೂ ಇಷ್ಟು ಬೇಗ ಏಳ್ಬೇಕಾ ತಾತ? ಅಲ್ಲೇನಿದೆ?”

“ಹೋ ಚಿ ಮಿನ್ ಅವರ ಸಮಾಧಿ. ಬೆಳಿಗ್ಗೆ ಮಾತ್ರ ಬಿಡ್ತಾರಂತೆ.”

“ಸಮಾಧಿ ದಿಲ್ಲಿಯಲ್ಲಿ ನೋಡಿದೀನಲ್ಲ. ಕಪ್ಪು ಕಲ್ಲು, ಮೇಲೆ ಹೂವು, ಪಕ್ಕದಲ್ಲಿ ದೀಪ.”

ರಾಜಘಾಟ್ ಅವಳಿಗೆ ಚೆನ್ನಾಗಿ ನೆನಪಿತ್ತು. ಆದರೆ ಅಲ್ಲಿ ಗಾಂಧೀಜಿ ಇಲ್ಲ, ಅದು ಅವರ ದೇಹವನ್ನು ಸುಟ್ಟ ಜಾಗ. ಚಿತಾಭಸ್ಮ ನದಿಗಳಿಗೆ ಹೋಯಿತು. ಇಲ್ಲಿ ಹಾಗಲ್ಲ, ಹೋ ಚಿ ಮಿನ್ ಅವರ ದೇಹವನ್ನೇ ಕೆಡದಂತೆ ಕಾಪಾಡಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಎಂದೆ. ಅವಳ ನಿದ್ದೆ ಹಾರಿಹೋಯಿತು.

ನಾವು ಹೋಗುವಷ್ಟರಲ್ಲಿ ಸಾಲು ಹನುಮಂತನ ಬಾಲವಾಗಿತ್ತು. ಮುಂದೆ ಬಿಳಿ ಅಂಗಿ ತೊಟ್ಟು, ಕೊರಳಿಗೆ ಕೆಂಪು ವಸ್ತ್ರ ಕಟ್ಟಿಕೊಂಡ ಶಾಲೆಯ ಮಕ್ಕಳಿದ್ದರು. ಹಿಂದೆ ಹಳ್ಳಿಯಿಂದ ಬಂದ ಮುದುಕಿಯರ ಗುಂಪು. ಅವರ ಬಾಯಲ್ಲಿ ಮತ್ತೆ ಮತ್ತೆ ಒಂದೇ ಮಾತು ಕೇಳುತ್ತಿತ್ತು: “ಬಾಕ್ ಹೋ”. ನಮ್ಮ ಜೊತೆಗಿದ್ದ ಗೈಡ್ ಹುಡುಗಿಯನ್ನು ಅದೇನೆಂದು ಕೇಳಿದೆ. ಬಾಕ್ ಎಂದರೆ ಅಪ್ಪನ ಅಣ್ಣನಂತೆ. ಇಂಗ್ಲಿಷಿನಲ್ಲಿ ಎಲ್ಲರೂ ‘ಅಂಕಲ್ ಹೋ’ ಎನ್ನುತ್ತಾರಲ್ಲ, ಅಂಕಲ್ ಎಂದರೆ ಯಾರು ಬೇಕಾದರೂ ಆಗಬಹುದು. ನಮ್ಮ ಭಾಷೆಯಲ್ಲಿ ಇದಕ್ಕೆ ಸರಿಯಾದ ಮಾತೇ ಇದೆ: ದೊಡ್ಡಪ್ಪ. ಇಡೀ ದೇಶಕ್ಕೆ ಒಬ್ಬ ದೊಡ್ಡಪ್ಪ.

ಒಳಗೆ ಟೋಪಿ ಹಾಕುವಂತಿಲ್ಲ, ಜೇಬಿನಲ್ಲಿ ಕೈ ಇಡುವಂತಿಲ್ಲ, ಮಾತಾಡುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ನಿಲ್ಲುವಂತೆಯೂ ಇಲ್ಲ. ನಮ್ಮ ದೇವಸ್ಥಾನಗಳಲ್ಲಿ “ಮುಂದೆ ನಡೀರಿ, ಮುಂದೆ ನಡೀರಿ” ಎಂದು ತಳ್ಳುತ್ತಾರಲ್ಲ, ಇಲ್ಲಿ ಬಿಳಿ ಸಮವಸ್ತ್ರದ ಕಾವಲುಗಾರರು ಬಾಯಿ ಬಿಡದೆ ಕಣ್ಣಲ್ಲೇ ನಡೆಸುತ್ತಾರೆ. ಒಳಗೆ ತಂಪು, ಮಬ್ಬು ಬೆಳಕು. ಗಾಜಿನೊಳಗೆ ಸರಳ ಉಡುಪಿನ ಒಬ್ಬ ತೆಳ್ಳನೆಯ ಅಜ್ಜ. ಮುಖ, ಕುರುಚಲು ಬಿಳಿ ಗಡ್ಡ ಮತ್ತು ಎರಡು ಕೈಗಳ ಮೇಲೆ ಬೆಳಕು ಬಿದ್ದಿತ್ತು. ಮಧ್ಯಾಹ್ನದ ಊಟ ಮುಗಿಸಿ ಒರಗಿದಂತೆ ಕಂಡರು. ಹಿಂದಿದ್ದ ಮುದುಕಿಯೊಬ್ಬರು ಕಣ್ಣೊರೆಸಿಕೊಂಡರು. ಮೊಮ್ಮಗಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಹೊರಗಿದ್ದೆವು.

ಹೊರಗಿರುವುದು ಬಾ ದಿನ್ ಮೈದಾನ. 1945ರ ಸೆಪ್ಟೆಂಬರ್ 2ರಂದು ಇಲ್ಲೇ ನಿಂತು ಹೋ ಚಿ ಮಿನ್ ತಮ್ಮ ದೇಶ ಸ್ವತಂತ್ರವಾಯಿತೆಂದು ಓದಿ ಹೇಳಿದ್ದು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹಡಗಿನ ಅಡುಗೆಮನೆಯಲ್ಲಿ ಕೆಲಸ ಹಿಡಿದು ಊರು ಬಿಟ್ಟಿದ್ದ ಹುಡುಗ ಅವರು. ತಿರುಗಿ ತಾಯ್ನೆಲ ಮೆಟ್ಟಿದ್ದು ಮೂವತ್ತು ವರ್ಷದ ಮೇಲೆ, 1941ರಲ್ಲಿ. ಸ್ವಾತಂತ್ರ್ಯ ಸಾರಿದ ಮೇಲೂ ನೆಮ್ಮದಿ ಸಿಗಲಿಲ್ಲ. 1954ರವರೆಗೆ ಫ್ರೆಂಚರ ಜೊತೆ ಯುದ್ಧ, ಆಮೇಲೆ ದೇಶ ಉತ್ತರ ದಕ್ಷಿಣ ಎಂದು ಎರಡು ಹೋಳು, ಅದರ ಹಿಂದೆಯೇ ಅಮೆರಿಕದ ಜೊತೆ ಯುದ್ಧ. ಅದು ಮುಗಿಯುವುದನ್ನು ನೋಡಲು ಅವರು ಉಳಿಯಲಿಲ್ಲ. 1969ರಲ್ಲಿ ತೀರಿಕೊಂಡರು, ಅದೂ ಸೆಪ್ಟೆಂಬರ್ 2ರಂದೇ! ಹಬ್ಬದ ದಿನ ಸೂತಕ ಬೇಡವೆಂದು ಸರ್ಕಾರ ಸಾವಿನ ದಿನವನ್ನು ಸೆಪ್ಟೆಂಬರ್ 3 ಎಂದು ಪ್ರಕಟಿಸಿತು. ನಿಜ ಸಂಗತಿಯನ್ನು ಹೇಳಿದ್ದು ಇಪ್ಪತ್ತು ವರ್ಷದ ಮೇಲೆ.

ಸಮಾಧಿಯ ಹಿಂದೆಯೇ ಹಳದಿ ಬಣ್ಣದ ದೊಡ್ಡ ಅರಮನೆ. ಫ್ರೆಂಚ್ ಗವರ್ನರ್ ಜನರಲ್‌ಗಳಿಗಾಗಿ ಕಟ್ಟಿದ್ದು. ದೊಡ್ಡಪ್ಪ ಅದರಲ್ಲಿ ವಾಸಕ್ಕೆ ಒಪ್ಪಲಿಲ್ಲ. ತೋಟದ ಮೂಲೆಯಲ್ಲಿ ಮರದ ಕಂಬಗಳ ಮೇಲೆ ಎರಡು ಪುಟ್ಟ ಕೋಣೆಯ ಮನೆ ಕಟ್ಟಿಸಿಕೊಂಡರು. ಕೆಳಗೆ ಗೋಡೆಯೇ ಇಲ್ಲ, ನಮ್ಮ ಕಡೆಯ ಅಟ್ಟಣೆಯ ಹಾಗೆ. ಎದುರಿಗೆ ಮೀನಿನ ಕೊಳ. ಅವರು ಚಪ್ಪಾಳೆ ತಟ್ಟಿದರೆ ಮೀನುಗಳು ತಿಂಡಿಗೆ ಓಡಿ ಬರುತ್ತಿದ್ದವಂತೆ. ನಮ್ಮವಳೂ ತಟ್ಟಿದಳು. ನಾಲ್ಕೈದು ಬಂದವು. ಅವಳ ಪ್ರಕಾರ ಇಡೀ ಪ್ರವಾಸದಲ್ಲಿ ಅದೇ ಮುಖ್ಯ ಘಟನೆ.

ಆ ಕೊಳದ ದಂಡೆಯಲ್ಲೇ ಗೈಡ್ ಹುಡುಗಿ ಉಯಿಲಿನ ಕಥೆ ಹೇಳಿದ್ದು. ಹೋ ಚಿ ಮಿನ್ 1965ರಿಂದ ಅದನ್ನು ಬರೆಯುತ್ತ, ತಿದ್ದುತ್ತ ಬಂದರು. ತಾನು ಸತ್ತ ಮೇಲೆ ದೇಹವನ್ನು ಸುಡಬೇಕು, ಅದರಿಂದ ಬದುಕಿರುವವರ ಆರೋಗ್ಯಕ್ಕೂ ಒಳ್ಳೆಯದು, ಉಳುವ ಭೂಮಿಯೂ ಉಳಿಯುತ್ತದೆ. ಬೂದಿಯನ್ನು ಮೂರು ಭಾಗ ಮಾಡಿ ಉತ್ತರ, ಮಧ್ಯ, ದಕ್ಷಿಣದ ಒಂದೊಂದು ಗುಡ್ಡದ ಮೇಲೆ ಇಡಬೇಕು. ಶಿಲೆ ಬೇಡ, ಪ್ರತಿಮೆ ಬೇಡ. ಬಂದವರು ಒಂದೊಂದು ಗಿಡ ನೆಟ್ಟು ಹೋಗಲಿ, ಕಾಲ ಕಳೆದಂತೆ ಅದೇ ಕಾಡಾಗಲಿ. ಅವರು ಬರೆದಿಟ್ಟ ಮಾತಿನ ಸಾರ ಇಷ್ಟು.

1969ರಲ್ಲಿ ಉಯಿಲನ್ನು ಓದಿದಾಗ ಈ ಭಾಗವನ್ನು ಬಿಟ್ಟು ಓದಿದರು. ಜನರಿಗೆ ಪೂರ್ತಿ ತಿಳಿದದ್ದು 1989ರಲ್ಲಿ. ಅಷ್ಟರಲ್ಲಿ ಈ ಬೂದುಬಣ್ಣದ ಗ್ರಾನೈಟ್ ಕಟ್ಟಡ ಎದ್ದು 14 ವರ್ಷವಾಗಿತ್ತು.

ನನಗೆ ಮೊದಲು ಸಿಟ್ಟು ಬಂತು. ಆದರೆ ಗೈಡ್ ಹುಡುಗಿ ಇನ್ನೊಂದು ಮಗ್ಗುಲನ್ನೂ ಹೇಳಿದಳು. ಅವರು ತೀರಿಕೊಂಡಾಗ ದಕ್ಷಿಣದ ಜನ ಗಡಿಯಾಚೆ ಇದ್ದರು. ದೇಶ ಒಂದಾದ ದಿನ ಅವರೂ ಬಂದು ದೊಡ್ಡಪ್ಪನ ಮುಖ ನೋಡಬೇಕೆಂದು ದೇಹವನ್ನು ಉಳಿಸಿಕೊಂಡರಂತೆ. ಬಾಂಬ್ ಬೀಳುತ್ತಿದ್ದ ವರ್ಷಗಳಲ್ಲಿ ಅದನ್ನು ಹನೋಯಿಯ ಪಶ್ಚಿಮದ ಬೆಟ್ಟಗಳ ಕಡೆಗೆ ಸಾಗಿಸಿ ಬಚ್ಚಿಟ್ಟರು. 1975ರ ಏಪ್ರಿಲ್‌ನಲ್ಲಿ ಯುದ್ಧ ಮುಗಿಯಿತು, ಆಗಸ್ಟ್‌ನಲ್ಲಿ ಸಮಾಧಿಯ ಬಾಗಿಲು ತೆರೆಯಿತು. ಸಾಲಿನಲ್ಲಿ ಕಣ್ಣೊರೆಸಿಕೊಂಡ ಮುದುಕಿ ನೆನಪಾದರು. ಆಕೆಗೆ “ನೀವು ಮಾಡಿದ್ದು ತಪ್ಪು” ಎಂದು ಹೇಳುವವರು ಯಾರು?

ಮಕ್ಕಳಿಗೆ ಅಂಥ ಸಂಕೋಚ ಇಲ್ಲ. “ಹಂಗಾದ್ರೆ ದೊಡ್ಡಪ್ಪ ಹೇಳಿದ ಮಾತು ಯಾರೂ ಕೇಳ್ಲಿಲ್ಲ, ಅಲ್ವಾ ತಾತ?” ಎಂದಳು.

ನಾನು ಉತ್ತರ ಕೊಡಲಿಲ್ಲ. ಕಾರಣ ನಮ್ಮ ಊರಿನಲ್ಲಿದೆ. ನಮ್ಮಲ್ಲಿ ತೀರಿಕೊಂಡವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡುತ್ತಾರೆ. ನನ್ನ ಅಪ್ಪ ಕೊನೆಯ ವರ್ಷದಲ್ಲಿ ಜಗಲಿಯ ಮೇಲೆ ಕೂತು ಮೂರು ನಾಲ್ಕು ಸಲ ಹೇಳಿದ್ದರು: “ನಂಗೆ ಗುಡಿಗಿಡಿ ಕಟ್ಬೇಡ್ರಪ್ಪ. ಬದಿನ ಮ್ಯಾಲೆ ಒಂದು ಹಲಸಿನ ಗಿಡ ನೆಡಿ, ಸಾಕು.” ನಾವು ಏನು ಮಾಡಿದೆವು? ಊರವರು ಏನೆಂದುಕೊಂಡಾರು ಎಂದು ಅಣ್ಣನೂ ನಾನೂ ಸೇರಿ ಕಲ್ಲು ಹಾಸಿಸಿ, ಟೈಲ್ಸ್ ಹಾಕಿಸಿ, ಮೇಲೊಂದು ಮಂಟಪ ಕಟ್ಟಿಸಿದೆವು. ಪ್ರೀತಿಯಿಂದಲೇ ಕಟ್ಟಿಸಿದ್ದು. ಸುಳ್ಳೇಕೆ, ಸ್ವಲ್ಪ ಜಂಬಕ್ಕೂ. ಮೊಮ್ಮಗಳು ಹಬ್ಬಕ್ಕೆ ಊರಿಗೆ ಹೋದಾಗ ಆ ಟೈಲ್ಸ್ ಮೇಲೆ ಕುಂಟೆಬಿಲ್ಲೆ ಆಡುತ್ತಾಳೆ. ಮುತ್ತಾತ ಹೀಗೆ ಹೇಳಿದ್ದರೆಂದು ಅವಳಿಗೆ ನಾನು ಹೇಳಿರಲೇ ಇಲ್ಲ. ಅವತ್ತು ಹೇಳಿದೆ.

ಅವಳು ಬಯ್ಯಲಿಲ್ಲ. “ನೀವೂನಾ?” ಎಂದಳು, ಅಷ್ಟೇ.

ಸಂಜೆ ಪಶ್ಚಿಮ ಸರೋವರದ ದಡದಲ್ಲಿರುವ ಟ್ರಾನ್ ಕ್ವೋಕ್ ಬೌದ್ಧ ದೇಗುಲಕ್ಕೆ ಹೋದೆವು. ಅಲ್ಲಿ ನಮ್ಮ ದೇಶದ ಒಂದು ಅರಳಿಮರವಿದೆ. 1959ರಲ್ಲಿ ನಮ್ಮ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದ್ ವಿಯೆಟ್ನಾಮಿಗೆ ಹೋದಾಗ ಬೋಧಗಯೆಯ ಮರದ ಸಸಿಯನ್ನು ತಂದು ಇಲ್ಲಿ ನೆಟ್ಟರು. ಅದೇ ವರ್ಷದ ಕೊನೆಯಲ್ಲಿ ಹೋ ಚಿ ಮಿನ್ ತಮ್ಮ ಜನರಿಗೆ, ಹೊಸವರ್ಷದ ‘ತೇತ್’ ಹಬ್ಬದಲ್ಲಿ ಗಿಡ ನೆಡಿ ಎಂದು ಕರೆಕೊಟ್ಟರು. ಆ ಪದ್ಧತಿ ಇವತ್ತಿಗೂ ನಡೆದಿದೆ. ಅಂದರೆ ಒಂದು ಮಾತನ್ನಾದರೂ ಕೇಳಿದ್ದಾರೆ! ಅರಳಿಮರ ಈಗ ಅಂಗಳದ ತುಂಬ ನೆರಳು ಚೆಲ್ಲಿಕೊಂಡು ನಿಂತಿದೆ. ನಮ್ಮಾಕೆ ಅಭ್ಯಾಸಬಲದಿಂದ ಒಂದು ಸುತ್ತು ಬಂದಳು.

ಮರದ ಕೆಳಗೆ ಕೂತೇ ಊರಿಗೆ ಫೋನ್ ಮಾಡಿ ಅಣ್ಣನಿಗೆ ಎಲ್ಲವನ್ನೂ ಹೇಳಿದೆ. ಮಳೆ ಬೀಳುತ್ತಿದ್ದಂತೆ ಅಪ್ಪನ ಸಮಾಧಿಯ ಹತ್ತಿರ ಒಂದು ಹಲಸಿನ ಗಿಡ ನೆಡೋಣ ಎಂದೆ.

ಅಣ್ಣ ಒಂದಿಷ್ಟು ಹೊತ್ತು ಸುಮ್ಮನಿದ್ದ. “ಬೇರು ಬಿಟ್ರೆ ಕಲ್ಲು ಎತ್ಬಿಡ್ತದೆ ಕಣೋ. ಅಷ್ಟು ದುಡ್ಡು ಹಾಕಿ ಕಟ್ಸಿದೀವಿ” ಎಂದ.

ಮೊಮ್ಮಗಳು ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. “ದೊಡ್ಡ ತಾತ, ಹಲಸಿನ ಗಿಡ ಎಷ್ಟು ವರ್ಷಕ್ಕೆ ಹಣ್ಣು ಬಿಡುತ್ತೆ?”

“ಏಳೆಂಟು ವರ್ಷ ಬೇಕು ಮಗ.”

“ಅಷ್ಟೊತ್ತಿಗೆ ನಾನು ಕಾಲೇಜು. ಬೇಗ ನೆಡಿ.”

ಕಳೆದ ವಾರ ಅಣ್ಣ ಒಂದು ಫೋಟೋ ಕಳಿಸಿದ್ದಾನೆ. ಮಂಟಪದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಬದುವಿನ ಮೇಲೆ ಒಂದು ಗುಂಡಿ ತೋಡಿಸಿದ್ದಾನೆ. ಹಸು ಮೇಯದಂತೆ ಸುತ್ತ ಮುಳ್ಳಿನ ಬೇಲಿಯೂ ಆಗಿದೆ. ಗಿಡ ಇನ್ನೂ ಬಂದಿಲ್ಲ.