ಛಾಯಾಚಿತ್ರಗಳನ್ನು ಆರಿಸದೆ ಕಳುಹಿಸುವವರಿಗೆ

ಸ್ಮರಣ ಸಂಚಿಕೆಗೆ ಚಿತ್ರಗಳನ್ನು ಕೇಳಿದರೆ ನಮ್ಮಲ್ಲಿ ಕೆಲವರು ತಮ್ಮ ಮೊಬೈಲನ್ನೇ ಬೋರಲು ಹಾಕುತ್ತಾರೆ. ಕಳೆದ ಸಲ ಹಿತೈಷಿಗಳೊಬ್ಬರಿಂದ ಒಂದೇ ಸಂಜೆ 200ಕ್ಕೂ ಮಿಕ್ಕಿ ಚಿತ್ರಗಳು ವಾಟ್ಸ್ಆ್ಯಪ್‌ನಲ್ಲಿ ಬಂದವು. ದೀಪ ಬೆಳಗುವುದೇ 17. ಕೊನೆಗೊಂದು ಸಾಲು: "ಚೆನ್ನಾಗಿರುವುದನ್ನು ತಾವೇ ಆರಿಸಿಕೊಳ್ಳಿ." ಇದನ್ನು ವಿನಯವೆನ್ನುವವರಿದ್ದಾರೆ. ನಾನು ಒಪ್ಪಲಾರೆ. ಒಂದೇ ಪ್ರಶ್ನೆಗೆ ನಾಲ್ಕು ಉತ್ತರ ಬರೆದು, ಸರಿಯಾದುದಕ್ಕೆ ಅಂಕ ಕೊಡಿರೆಂಬ ವಿದ್ಯಾರ್ಥಿಗಳನ್ನು ಕಂಡವನು ನಾನು. ಅವರಿಗೆ ಎಷ್ಟು ಅಂಕ ದೊರೆಯುತ್ತಿತ್ತೆಂಬುದನ್ನು ನನ್ನ ಹಳೆಯ ಶಿಷ್ಯರು ಬಲ್ಲರು.

ರೀಲಿನ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರ. ಚೌಕ ಚಿತ್ರದ ದೊಡ್ಡ ಕ್ಯಾಮೆರಾ ಆದರೆ 12. ಆಗ ಮಿತಿ ಹೇರಿದುದು ನಮ್ಮ ವಿವೇಕವಲ್ಲ, ಜೇಬು. ಆದರೆ ವೃತ್ತಿಯವರು ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ತೊಳೆದ ರೀಲಿನ ಚಿತ್ರಗಳನ್ನೆಲ್ಲ ಒಂದೇ ಹಾಳೆಯಲ್ಲಿ ಕಿರಿದಾಗಿ ಮುದ್ರಿಸಿ, ಮಸೂರ ಹಿಡಿದು ನೋಡಿ, ಒಂದೆರಡಕ್ಕೆ ಪೆನ್ಸಿಲಿನ ಗುರುತು ಹಾಕಿ, ಉಳಿದುದನ್ನು ಬದಿಗಿಡುತ್ತಿದ್ದರು. ಬದಿಗಿಟ್ಟುದನ್ನು ಎಸೆಯುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು.

"ಯಾವುದಕ್ಕೆ ಮುಂದೆ ಬೆಲೆ ಬರುತ್ತದೋ ಯಾರು ಬಲ್ಲರು?" ಎಂಬ ವಾದವಿದೆ. ಸರಿ, ಎಲ್ಲವನ್ನೂ ಮನೆಯಲ್ಲಿ ಕಾಪಾಡಿರಿ. ಕಾಪಾಡುವುದು ಬೇರೆ, ಹಂಚುವುದು ಬೇರೆ. ನಾವು ಮಾಡುತ್ತಿರುವುದು ತದ್ವಿರುದ್ಧ: ಎಲ್ಲವನ್ನೂ ಹಂಚುತ್ತೇವೆ, ಯಾವುದನ್ನೂ ಕಾಪಾಡುವುದಿಲ್ಲ.

ಆ 200ನ್ನು ನಾನು ಮೂರು ರಾತ್ರಿ ಕುಳಿತು ನೋಡಿದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಅತಿಥಿಗಳು. ಸಭಿಕರ ಮುಖವೇ ಇಲ್ಲ. ಕೊನೆಯಲ್ಲೆಲ್ಲೋ ಒಂದು ಸಿಕ್ಕಿತು. ವೇದಿಕೆಯ ಪಕ್ಕದ ಮೆಟ್ಟಿಲಲ್ಲಿ ಕನ್ನಡ ಮಾಧ್ಯಮದ ಮೂವರು ಹುಡುಗಿಯರು, ಒಂದೇ ಚೀಟಿಗೆ ತಲೆ ತಗ್ಗಿಸಿ, ಹಾಡಬೇಕಾದ ಸಾಲುಗಳನ್ನು ಬಾಯಿಪಾಠ ಮಾಡುತ್ತಿದ್ದಾರೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಸಭೆಗಳಲ್ಲಿ ಹೇಳುತ್ತ ಬಂದುದೆಲ್ಲ ಆ ಚಿತ್ರದಲ್ಲಿತ್ತು. ಮುಖಪುಟಕ್ಕೆ ಅದೇ ಎಂದುಕೊಂಡೆ. ಮುದ್ರಣಾಲಯದವರು ಆಗದೆಂದರು, ವಾಟ್ಸ್ಆ್ಯಪ್ ಅದನ್ನು ಕುಗ್ಗಿಸಿತ್ತು. ಮೂಲಪ್ರತಿಗಾಗಿ ಹಿತೈಷಿಗಳನ್ನು ಕೇಳಿದೆ. ಜಾಗ ಸಾಲದೆಂದು ಎಲ್ಲವನ್ನೂ ಅಳಿಸಿದ್ದರು. ಆ ಹುಡುಗಿಯರು ಯಾವ ಶಾಲೆಯವರೆಂಬುದೂ ಅವರಿಗೆ ತಿಳಿಯದು. ಮುಖಪುಟದಲ್ಲಿ ದೀಪ ಬೆಳಗಿತು.

ಆಯ್ಕೆ ಕಷ್ಟವೇನಲ್ಲ, ನೋಯಿಸುವಂಥದು. ತನ್ನ ಮುಖ ಚೆನ್ನಾಗಿ ಬಂದುದೇ ಒಳ್ಳೆಯ ಚಿತ್ರವೆಂಬ ಮೋಹ ಎಲ್ಲರಿಗೂ ಉಂಟು. ನನ್ನ ಬೀಳ್ಕೊಡುಗೆಯ ದಿನದ ಚಿತ್ರಗಳಲ್ಲಿ ನಾನು ಆರಿಸಿದ್ದರಲ್ಲಿ ನನ್ನ ಸಹೋದ್ಯೋಗಿಗಳೆಲ್ಲ ಕಣ್ಣು ಮುಚ್ಚಿದ್ದರು. ಆದುದರಿಂದ ತೆಗೆದ ದಿನವೇ ಆರಿಸಬೇಡಿ; ಎರಡು ದಿನ ಕಳೆಯಲಿ. ಒಂದೇ ಬಗೆಯ ಹತ್ತರಲ್ಲಿ ಒಂದನ್ನಿಡಿ. ಅಲ್ಲಿಗೆ ಬಾರದಿದ್ದವನಿಗೆ ಈ ಚಿತ್ರ ಏನು ಹೇಳುತ್ತದೆಂದು ಕೇಳಿಕೊಳ್ಳಿ. ಯಾರು, ಎಲ್ಲಿ, ಎಂದು ಎಂಬುದನ್ನು ಬರೆಯಿರಿ. ಕಡತದ ರೂಪದಲ್ಲಿ ಕಳುಹಿಸಿದರೆ ಗಾತ್ರ ಕುಗ್ಗದು; ಮೊಮ್ಮಕ್ಕಳು ತೋರಿಸಿಕೊಡುತ್ತಾರೆ.

ಮುಂದಿನ ಸಂಚಿಕೆಗೆ ಒಬ್ಬರಿಂದ 5ಕ್ಕಿಂತ ಹೆಚ್ಚು ಚಿತ್ರ ಬೇಡವೆಂದು ಸಮಿತಿಯಲ್ಲಿ ಸೂಚಿಸಿದೆ. ಕಠಿಣವಾಯಿತೆಂದರು. 6ಕ್ಕೆ ಒಪ್ಪಿದ್ದೇನೆ.